ಉತ್ತರದ ಮೂಲೆಯ ಬಿರುಕು
ವರ್ಲಿನ್ ಲಿಂಡ್‌ಕ್ವಿಸ್ಟ್ ಎಲ್ಲಿಗೆ ಹೋದರೂ ಮೊದಲು ನೋಡುವುದು ನೆಲವನ್ನು. ಮದುವೆಗೆ ಹೋದರೂ ಚರ್ಚಿನ ಪಾರ್ಕಿಂಗಿನಲ್ಲಿ ಮಂಡಿಯೂರಿ, ಅಂಗೈಯಿಂದ ಡಾಂಬರು ಉಜ್ಜಿಯೇ ಒಳಗೆ ಬರುತ್ತಾನೆ. ಪಾದ್ರಿಗಳು ಅದನ್ನು ಭಕ್ತಿಯೆಂದು ತಿಳಿದಿದ್ದಾರೆ. ನೆಬ್ರಾಸ್ಕಾದ ಹವ್ಯಾಸಿ ಕಾರ್ ರೇಸ್ ಕ್ಲಬ್ಬಿಗೆ ಇಪ್ಪತ್ತೆರಡು ವರ್ಷಗಳಿಂದ ಜಾಗ ಆರಿಸುವವನೂ ಅವನೇ, ಬೈಸಿಕೊಳ್ಳುವವನೂ ಅವನೇ. "ಡಾಂಬರು ಬಿಸಿಲಿಗೆ ಬೆಣ್ಣೆ, ಕಾಂಕ್ರೀಟು ಟೈರಿಗೆ ತುರಿಮಣೆ. ಯಾವುದು ಬೇಕೋ ಬೇಗ ಹೇಳ್ರಪ್ಪ," ಎಂದು ನಿಟ್ಟುಸಿರು ಬಿಟ್ಟು, ಕೊನೆಗೆ ಪ್ರತಿ ಸಲವೂ ಹಳೆಯ ವಿಮಾನನೆಲೆಯ ಕಾಂಕ್ರೀಟನ್ನೇ ಹಿಡಿಯುತ್ತಾನೆ. ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ಓಟದ ದಾರಿ ಗುರುತಿಸುವಾಗ ಮಾತ್ರ, ಮೂರು ವರ್ಷಗಳಿಂದೀಚೆಗೆ, ಉತ್ತರದ ಮೂಲೆಯನ್ನು ಬಿಟ್ಟುಬಿಡುತ್ತಾನೆ: "ಅಲ್ಲಿ ಬಿರುಕಿದೆ." ಈ ಸಲ ಹೊಸ ಅಧ್ಯಕ್ಷೆ ಡೋರೀನ್ ಸುಮ್ಮನಾಗಲಿಲ್ಲ. "ಅಷ್ಟು ಚೆಂದದ ತಿರುವು ಬಿಡೋದೇನೋ ಮಾರಾಯ? ಹಾಗಾದ್ರೆ ಮಾಲ್ ಮುಂದಿನ ಡಾಂಬರಿಗೇ ಹೋಗೋಣ," ಎನ್ನುತ್ತ ತಾನೇ ನೋಡಲು ನಡೆದಳು. ವರ್ಲಿನ್ ಶಂಕುವೊಂದನ್ನು ಅಪ್ಪಿಕೊಂಡು ನಿಂತ. ಮೂಲೆಯಲ್ಲಿ ಬಿರುಕೇನೂ ಇರಲಿಲ್ಲ. ಮೂರು ಚಳಿಗಾಲದ ಹಿಮ ತಿಂದರೂ ಅಳಿಯದ ಟೈರಿನ ಒಂದು ಕರಿ ಗೀರು ಬಿಳಿ ಕಾಂಕ್ರೀಟಿನ ಮೇಲೆ ಬಳುಕಿತ್ತು. ಅವನ ಹೆಂಡತಿ ಮಾರ್ಲಿಸ್, ಕಾಯಿಲೆ ಅವಳನ್ನು ಒಯ್ಯುವ ಮೊದಲಿನ ಬೇಸಿಗೆಯಲ್ಲಿ, ಕೊನೆಯ ಸಲ ಕಾರು ತಿರುಗಿಸಿದ್ದು ಅಲ್ಲೇ ಎಂಬುದು ಡೋರೀನ್‌ಗೆ ನೆನಪಾಯಿತು. ವಾಪಸು ಬಂದವಳು, "ಹೌದು ವರ್ಲಿನ್, ದೊಡ್ಡ ಬಿರುಕೇ," ಎಂದಳು. "ಇನ್ನೆರಡು ಶಂಕು ಜಾಸ್ತಿ ಇಡು."