ಸ್ಟೆಲ್ಲಾ ಮಿಸ್ ಮಕ್ಕಳನ್ನೇ ಕೇಳುತ್ತಿದ್ದರು

ಶಾಲೆಯ ಗೇಟಿನಲ್ಲಿ ನಿಂತ ಸ್ಟೆಲ್ಲಾ ಮಿಸ್ ದೊಡ್ಡವರಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಹೊಸ ತಿಪ್ಪಸಂದ್ರದ ನಮ್ಮ ಮಗಳ ಶಾಲೆಯಲ್ಲಿ ಅವರು ಬೆಳಿಗ್ಗೆ ಆಟದ ಟೀಚರ್, ಶಾಲೆ ಬಿಡುವ ಹೊತ್ತಿಗೆ ಗೇಟಿನ ಉಸ್ತುವಾರಿ. ಹತ್ತಿ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ವಿಸಿಲ್ ಮತ್ತು ಐಡಿ ಕಾರ್ಡು. ಕಾರ್ಡಿನ ಫೋಟೋದಲ್ಲಿ ಎರಡು ಜಡೆಯ ತೆಳ್ಳನೆಯ ಹುಡುಗಿ. ಯಾರಾದರೂ ನಕ್ಕರೆ, “ಅದು ನಾನೇ ರೀ. ಮಧ್ಯದಲ್ಲಿ ಸ್ವಲ್ಪ ಬಿರಿಯಾನಿ ಆಯ್ತು, ಅಷ್ಟೆ,” ಎನ್ನುತ್ತಿದ್ದರು.

ಪುಟ್ಟ ಮಕ್ಕಳನ್ನು ಕರೆದೊಯ್ಯಲು ಬಂದವರು ಶಾಲೆ ಕೊಟ್ಟ, ಮಗುವಿನ ಹೆಸರಿರುವ ಹಳದಿ ಕಾರ್ಡು ತೋರಿಸಬೇಕಿತ್ತು. ಮಿಸ್‌ಗೆ ಅಷ್ಟು ಸಾಲದು. ಕಾರ್ಡು ನೋಡಿ, ಮಗುವಿನ ಎತ್ತರಕ್ಕೆ ಬಗ್ಗಿ, “ಯಾರು ಕಣ್ಣಾ ಇವ್ರು?” ಎಂದು ಕೇಳುವರು. ತಮಿಳು ಮಾತಿನ ಹಲಸೂರಿನಲ್ಲಿ ಬೆಳೆದ ಅವರಿಗೆ ಮಕ್ಕಳೆಲ್ಲ ‘ಕಣ್ಣಾ’. ಉತ್ತರ ಬಂದ ಮೇಲೆ ಇನ್ನೊಂದು: “ಮನೇಲಿ ಇವ್ರು ಏನ್ ಮಾಡ್ತಾರೆ?”

“ಬಾತ್‌ರೂಮಲ್ಲಿ ಫೋನ್ ನೋಡ್ತಾರೆ.”

“ಸೀರಿಯಲ್ ನೋಡಿ ಅಳ್ತಾರೆ.”

ಸಾಲಿನಲ್ಲಿ ನಿಂತವರು ನಗುತ್ತಿದ್ದರು, ತಮ್ಮ ಸರದಿ ಬರುವವರೆಗೆ.

ಒಮ್ಮೆ ನಾನು ತಿರುಪತಿಯಲ್ಲಿ ಮುಡಿ ಕೊಟ್ಟು, ಮೀಸೆಯನ್ನೂ ತೆಗೆಸಿ, ಮನೆಗೂ ಹೋಗದೆ ನೇರ ಶಾಲೆಗೆ ಬಂದೆ. ಯುಕೆಜಿಯಲ್ಲಿದ್ದ ಮಗಳು ಇಂಚರ ನನ್ನನ್ನು ನೋಡಿದವಳೇ ಮಿಸ್ ಸೀರೆಯ ಹಿಂದೆ ಅಡಗಿದಳು.

“ಇವ್ರು ನಮ್ಮಪ್ಪ ಅಲ್ಲ.”

“ಪುಟ್ಟಿ, ನಾನೇ ಕಣೇ!”

“ವಾಯ್ಸ್ ಮಾತ್ರ ಅಪ್ಪಂದು,” ಎಂದಳು.

“ಸರ್, ಕಾರ್ಡ್ ಸರಿ ಇದೆ, ತಲೆ ಸರಿ ಇಲ್ಲ. ಸೈಡಿಗೆ ನಿಂತ್ಕೊಳ್ಳಿ,” ಎಂದರು ಮಿಸ್. ಕೊನೆಗೆ ನನ್ನ ಹೆಂಡತಿ ಆಫೀಸಿನಿಂದ ಬಂದು ಇಬ್ಬರನ್ನೂ ಬಿಡಿಸಿಕೊಂಡು ಹೋದಳು.

ಕೆಲವು ತಿಂಗಳ ನಂತರ ನಮ್ಮ ಹಳದಿ ಕಾರ್ಡು ಮಾರ್ಕೆಟ್ ರಸ್ತೆಯಲ್ಲಿ ಎಲ್ಲೋ ಬಿದ್ದುಹೋಯಿತು. ಬಿದ್ದದ್ದು ನಮಗೆ ಗೊತ್ತಾಗಿರಲಿಲ್ಲ. ಮರುದಿನ ಮಧ್ಯಾಹ್ನ ನಾನು ಸಾಲಿನ ಕೊನೆಯಲ್ಲಿ ನಿಂತಿದ್ದೆ. ಕಂಡಷ್ಟನ್ನೇ ಹೇಳುತ್ತೇನೆ. ಗೇಟಿನ ಎದುರು ಇಸ್ತ್ರಿ ಮಾಡಿದ ತಿಳಿನೀಲಿ ಶರಟಿನ ಒಬ್ಬರು ಕಾರ್ಡು ಹಿಡಿದಿದ್ದರು. ನಾನು ಅವರನ್ನು ಎಂದೂ ನೋಡಿರಲಿಲ್ಲ. ಒಳಗಿನಿಂದ ಕೂಗಿದ್ದು ಇಂಚರಳ ಹೆಸರು. ಅವಳು ಬ್ಯಾಗು ಎಳೆಯುತ್ತ ನಗುನಗುತ್ತಲೇ ಬಂದಳು.

“ಅವರಪ್ಪ ಕಳಿಸಿದ್ರು ಮೇಡಂ. ಮೀಟಿಂಗಲ್ಲಿ ಇದ್ದಾರಂತೆ.”

ನಾನು ಕೂಗಬೇಕಿತ್ತು. ಸಾಲಿನಲ್ಲೇ ನಿಂತುಬಿಟ್ಟೆ.

ಮಿಸ್ ಬಗ್ಗಿದರು. “ಯಾರು ಕಣ್ಣಾ ಇವ್ರು?”

“ಅಂಕಲ್.”

“ಮನೇಲಿ ಅಂಕಲ್ ಏನ್ ಮಾಡ್ತಾರೆ?”

ಇಂಚರ ಯೋಚಿಸಿದಳು. “ಮನೆಗೆ ಬಂದೇ ಇಲ್ವಲ್ಲ ಮಿಸ್.”

ಮಿಸ್ ಎಡಗೈಯಿಂದ ಮಗುವನ್ನು ಹಿಂದಕ್ಕೆ ಸರಿಸಿದರು, ಬಲಗೈ ಅಡ್ಡ ಚಾಚಿ ಗೇಟಿನ ಕಂಬ ಹಿಡಿದರು. “ಒಂದ್ನಿಮಿಷ ನಿಲ್ಲಿ ಸರ್, ಅವರಪ್ಪಂಗೆ ಫೋನ್ ಮಾಡ್ತೀನಿ.” ದನಿ ಏರಲಿಲ್ಲ. ಆ ಮನುಷ್ಯ ಕಾರ್ಡನ್ನು ಅಲ್ಲೇ ಬಿಟ್ಟು, ಆಟೋಗಳ ನಡುವೆ ನುಸುಳಿ ಹೋದ. ನಾನು ಓಡಿ ಗೇಟಿನ ಬಳಿ ಬಂದಾಗ ಜೇಬಿನಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು.

ಪೊಲೀಸರಿಗೆ ದೂರು ಕೊಟ್ಟೆವು. ಶಾಲೆಯವರು ಕ್ಯಾಮೆರಾ ದೃಶ್ಯ ಕೊಟ್ಟರು. ಅವನು ಯಾರು, ಯಾಕೆ ಬಂದಿದ್ದ ಎಂಬುದು ಇವತ್ತಿಗೂ ತಿಳಿದಿಲ್ಲ. ಊಹಿಸಲು ನಾನು ಹೋಗುವುದಿಲ್ಲ. ಇಂಚರ ಅಂದು ದಾರಿಯುದ್ದಕ್ಕೂ ಐಸ್‌ಕ್ರೀಮ್ ಕೇಳಿದಳು, ಎರಡು ಕೊಡಿಸಿದೆ.

ಈ ವರ್ಷ ಮಿಸ್ ನಿವೃತ್ತರಾದರು. ಕೊನೆಯ ದಿನ ಇಂಚರ ಹೊರಬರುವ ಹೊತ್ತಿಗೆ ಗೇಟಿನಲ್ಲಿ ಸೆಲ್ಫಿಗಳ ನೂಕುನುಗ್ಗಲು. ನಾನು ಹೇಳಬೇಕೆಂದುಕೊಂಡು ಹೋದ ಮಾತುಗಳಲ್ಲಿ ‘ನಮಸ್ಕಾರ’ ಮಾತ್ರ ಹೊರಬಂತು. ಅವರೇ ನನ್ನನ್ನು ಪಕ್ಕಕ್ಕೆ ಕರೆದರು.

“ಆವತ್ತು ಕಂಬ ಯಾಕೆ ಹಿಡ್ಕೊಂಡೆ ಗೊತ್ತಾ ಸರ್? ಕಾಲು ನಡುಗ್ತಿತ್ತು. ಬಿಟ್ಟಿದ್ರೆ ಅಲ್ಲೇ ಕೂತ್ಬಿಡ್ತಿದ್ದೆ.”

“ನನಗೂ ಮಿಸ್.”

“ಒಳ್ಳೆ ಜೋಡಿ ನಾವು! ಯಾರ್ಗೂ ಹೇಳ್ಬೇಡಿ, ನನ್ನ ಗತ್ತು ಹೋಗುತ್ತೆ,” ಎಂದು ಗಟ್ಟಿಯಾಗಿ ನಕ್ಕರು. ಹೂಗುಚ್ಛಗಳ ಸಮೇತ ಆಟೋದಲ್ಲಿ ಹೇಗೋ ತೂರಿಕೊಂಡು, ಡ್ರೈವರಿಗೆ ತಮಿಳಿನಲ್ಲಿ ಏನೋ ಗದರಿಸುತ್ತ ಹಲಸೂರಿನ ಕಡೆ ಹೊರಟರು.

ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಿದ್ದೆ.

“ಅಪ್ಪಾ, ಕೈ ಬಿಡು, ನೋಯ್ತಿದೆ,” ಎಂದಳು ಇಂಚರ.