ಲಾರಿಗಳು ಬ್ರೇಕ್ ಹಾಕದ ದಾರಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆದ್ದಾರಿಯಿಂದ ಕೈಗಾರಿಕಾ ಪ್ರದೇಶಕ್ಕೆ ತಿರುಗುವ ರಸ್ತೆಯ ಅಂಚಿನಲ್ಲಿ ಒಬ್ಬ ಹೆಂಗಸು ಸಲಿಕೆಯ ಹಿಡಿಗೆ ಗಲ್ಲ ಊರಿ ನಿಂತಿದ್ದಾರೆ. ದೂರದಿಂದ ನೋಡಿದವರಿಗೆ ಮೈಗಳ್ಳತನ ಅನ್ನಿಸಬೇಕು. ಆದರೆ ಅವರ ಕಣ್ಣು ಹೋಗುತ್ತಿರುವ ಲಾರಿಯ ಹಿಂದಿನ ಕೆಂಪು ಬ್ರೇಕ್ ದೀಪದ ಮೇಲಿದೆ. ಆ ದೀಪ ಎಲ್ಲಿ ಹೊತ್ತಿಕೊಂಡಿತೋ ಅಲ್ಲಿಗೆ ನಡೆದು ಹೋಗಿ ನೋಡಿದರೆ ಒಂದು ಗುಂಡಿ, ಇಲ್ಲವೇ ಗುಂಡಿಯಾಗಲು ಹೊಂಚು ಹಾಕುತ್ತಿರುವ ಬಿರುಕು ಸಿಗುತ್ತದೆ.

"ಡ್ರೈವರ್‌ಗಳು ಬಾಯಲ್ಲಿ ಬೈತಾರೆ, ಕಾಲಲ್ಲಿ ನಿಜ ಹೇಳ್ತಾರೆ," ಎನ್ನುತ್ತಾ ಅವರು ಸಲಿಕೆ ಹೆಗಲಿಗೇರಿಸುತ್ತಾರೆ.

ಈ ಒಂಬತ್ತು ಕಿಲೋಮೀಟರ್ ರಸ್ತೆಯ ದುರಸ್ತಿ ತಂಡಕ್ಕೆ ಇವರೇ ಮೇಸ್ತ್ರಿ. ಲಾರಿಯವರು ಇಟ್ಟ ಹೆಸರು ಗುಂಡಿಯಮ್ಮ. "ಮೊದ್ಲು ಸಿಟ್ಟು ಬರ್ತಿತ್ತು. ನನ್ನ ಗಂಡನೂ ಹಂಗೇ ಕರೆಯೋಕೆ ಶುರು ಮಾಡಿದ್ಮೇಲೆ ಇನ್ಯಾರನ್ನ ಬೈಲಿ?" ಎಂದು ನಗುತ್ತಾರೆ. ಐವತ್ತು ದಾಟಿದ ಅವರ ಅಂಗೈಯಲ್ಲಿ ಡಾಂಬರಿನ ಕಪ್ಪು ಸೋಪಿಗೂ ಜಗ್ಗದೆ ಕೂತಿದೆ.

ರಾಜ್ಯಕ್ಕೆ ಬಂಡವಾಳ ತರುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವವರಿಗೆ ನಮ್ಮಲ್ಲಿ ಬರವಿಲ್ಲ. ಸಭೆ, ಸಮಾವೇಶ, ತೆರಿಗೆ ರಿಯಾಯಿತಿ, ಅಗ್ಗದ ಜಮೀನು ಎಲ್ಲವೂ ಆಗುತ್ತದೆ. ಪಕ್ಕದ ರಾಜ್ಯದವರೂ ಕೈಕಟ್ಟಿ ಕೂತಿಲ್ಲ, ಅವರೂ ಅದನ್ನೇ ಕೊಡುತ್ತಾರೆ. ಕೊನೆಗೆ ಬಂದವರು ಕಾರಿನಲ್ಲಿ ಕೂತು ಇದೇ ರಸ್ತೆಯ ಮೇಲೆ ಬರಬೇಕು. ಅಲ್ಲಿ ಅವರ ನಡು ಏನು ಹೇಳುತ್ತದೋ ಅದೂ ಲೆಕ್ಕಕ್ಕೆ ಬರುತ್ತದೆ.

ಇಲ್ಲೊಂದು ಗಾಜಿನ ಬಾಟಲಿ ಕಾರ್ಖಾನೆ ಇತ್ತು. ಗುಂಡಿಯಮ್ಮನ ಅಕ್ಕ ಅಲ್ಲಿ ಬಾಟಲಿ ಪರೀಕ್ಷಿಸುವ ಕೆಲಸದಲ್ಲಿದ್ದರು. ಬಾಟಲಿಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ಕೂದಲೆಳೆಯಷ್ಟು ಸೀಳಿದ್ದರೂ ಬದಿಗಿಡುತ್ತಿದ್ದರು. ಹಾಗೆ ಆರಿಸಿ ತುಂಬಿದ ಸರಕು ಹೆದ್ದಾರಿ ಮುಟ್ಟುವುದರೊಳಗೆ ಒಡೆದು ಗಲಗಲ ಎನ್ನತೊಡಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು, ಯಜಮಾನರು ಬೀಗ ಜಡಿದರು. ಅಕ್ಕನಿಗೆ ಬೇರೆ ಊರಿನಲ್ಲಿ ಅದೇ ಕೆಲಸ ಸಿಕ್ಕಿತು, ಆದರೆ ಹೋಗಲು ಎರಡು ತಾಸು, ಬರಲು ಎರಡು ತಾಸು, ಅದೂ ಬಸ್ಸಿನಲ್ಲಿ ನಿಂತುಕೊಂಡು.

"ಅಕ್ಕ ಬರೋ ಹೊತ್ತಿಗೆ ನಾನು ಮಲಗಿರ್ತಿದ್ದೆ, ನಾನು ಏಳೋ ಹೊತ್ತಿಗೆ ಅವಳು ಹೊರಟಿರ್ತಿದ್ಲು. ಒಂದೇ ಮನೇಲಿದ್ದು ಮುಖ ನೋಡೋಕೆ ಭಾನುವಾರ ಬರ್ಬೇಕು. ಮಂಡಿ ಊದ್ಕೊಂಡು ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ಲ ಅವಳಿಗೆ," ಎನ್ನುವಾಗ ಗುಂಡಿಯಮ್ಮನ ದನಿ ಸಣ್ಣದಾಗುತ್ತದೆ. ಇನ್ನೊಂದು ವರ್ಷ ಹೀಗೇ ನಡೆದರೆ ಕೆಲಸವನ್ನೇ ಬಿಡಬೇಕು ಎಂದು ವೈದ್ಯರು ಹೇಳಿಬಿಟ್ಟಿದ್ದರು.

ಮುಚ್ಚಿದ ಕಾರ್ಖಾನೆಯನ್ನು ಕೊಳ್ಳಲು ಮೊದಲೊಂದು ಕಂಪನಿ ಬಂದಾಗ ಆದದ್ದನ್ನು ಅವರು ಈಗಲೂ ನಾಚಿಕೊಂಡೇ ಹೇಳುತ್ತಾರೆ. ರಸ್ತೆಯುದ್ದಕ್ಕೂ ಹೂಕುಂಡ ಇಟ್ಟಿದ್ದರಂತೆ, ಅಂಚಿಗೆ ಬಿಳಿ ಬಣ್ಣ ಬಳಿದಿದ್ದರಂತೆ. ಗುಂಡಿಗಳಿಗೆ ರಾತ್ರೋರಾತ್ರಿ ಡಾಂಬರು ಸುರಿದು, ರೋಲರ್ ಸಿಗದೆ ಹಾಗೇ ಬಿಟ್ಟಿದ್ದರಂತೆ. "ಒಂದು ಗುಂಡಿ ಮುಚ್ಚಿ ಎರಡು ಗುಡ್ಡ ಮಾಡಿದ್ವಿ. ಬಂದೋರ ತಲೆ ಕಾರಿನ ಚಾವಣಿಗೆ ತಾಗ್ತು. ಅಲ್ಲಿಂದ್ಲೇ ವಾಪಸ್ ಹೋದ್ರು. ಆ ಸಲಿಕೇಲಿ ನನ್ನ ಕೈನೂ ಇತ್ತು, ಸುಳ್ಳು ಯಾಕೆ ಹೇಳ್ಲಿ?"

ಎರಡನೇ ಕಂಪನಿಯವರು ಬುದ್ಧಿವಂತರು. ತಮ್ಮ ಬೇರೆ ಕಾರ್ಖಾನೆಯಿಂದ ಒಂದು ಲಾರಿ ಬಾಟಲಿ ತುಂಬಿಸಿ ಕಳಿಸುತ್ತೇವೆ, ಎಷ್ಟು ಒಡೆಯುತ್ತದೆ ನೋಡಿ ಹೇಳುತ್ತೇವೆ ಎಂದರು. ಪಕ್ಕದ ರಾಜ್ಯಕ್ಕೂ ಅಂಥದೇ ಒಂದು ಲಾರಿ ಹೋಗುವುದಿತ್ತು. ಇಲ್ಲಿ ಪೆಟ್ಟಿಗೆ ಬಿಚ್ಚಿ ಪರೀಕ್ಷಿಸಲು ಅನುಭವಸ್ಥರು ಬೇಕೆಂದು ಅಕ್ಕನಿಗೇ ಕರೆ ಬಂತು. ಹೊಸದಾಗಿ ಬಂದ ಇಂಜಿನಿಯರ್ ಮೇಡಂ ಈ ಬಾರಿ ಹೂಕುಂಡ ಬೇಡ, ರೋಲರ್ ಕೊಡಿ ಎಂದು ಪಟ್ಟು ಹಿಡಿದು ತರಿಸಿದರು. ತಂಡದವರು ಗುಂಡಿಯ ಅಂಚು ಚೌಕವಾಗಿ ಕತ್ತರಿಸಿ, ಗುಡಿಸಿ, ಒಣಗಿಸಿ, ಪದರ ಪದರವಾಗಿ ತುಂಬಿ ದಮ್ಮಸು ಮಾಡಿದರು. ಆಮೇಲೆ ಗುಂಡಿಯಮ್ಮ ಮೈದುನನ ಟೆಂಪೋದಲ್ಲಿ ಕೂತು, ನೀರು ತುಂಬಿದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯುದ್ದಕ್ಕೂ ಓಡಾಡಿದರು. ಎಲ್ಲಿ ಬಟ್ಟೆ ಒದ್ದೆಯಾಯಿತೋ ಅಲ್ಲಿ ಮತ್ತೆ ಕೆಲಸ. "ಮನೆಗೆ ಹೋದಾಗ ನನ್ನ ಗಂಡ ಬಟ್ಟೆ ನೋಡಿ, ಇವತ್ತು ರಸ್ತೆ ಪಾಸೋ ಫೇಲೋ ಅಂತ ಕೇಳ್ತಿದ್ರು."

ಪರೀಕ್ಷೆಯ ದಿನ ಬೆಳಿಗ್ಗೆ ಗುಂಡಿಯಮ್ಮ ಕೊನೆಯ ಸಲ ರಸ್ತೆ ನೋಡಲು ಹೊರಟರು. ಮೋರಿಯ ಪಕ್ಕ ರಾತ್ರಿ ನೀರಿನ ಪೈಪು ಒಡೆದು ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಮೇಲೆ ಡಾಂಬರು ನೋಡಲು ಚೆನ್ನಾಗಿಯೇ ಇತ್ತು, ಕಾಲಿಟ್ಟರೆ ಕುಸಿಯುತ್ತಿತ್ತು. ಲಾರಿ ಆಗಲೇ ಹೆದ್ದಾರಿಯ ತಿರುವು ದಾಟಿತ್ತು, ಹಿಂದೆ ಕಂಪನಿಯವರ ಕಾರು.

"ಹಾಗೇ ಬಿಟ್ಟಿದ್ರೆ ಲಾರಿ ದಾಟಿದ್ರೂ ದಾಟ್ತಿತ್ತೇನೋ. ಆದ್ರೆ ಹೂಕುಂಡದ ಕಥೆ ನೆನಪಾಯ್ತು. ಕೆಂಪು ಬಾವುಟ ಹಿಡ್ಕೊಂಡು ರಸ್ತೆ ಮಧ್ಯೆ ನಿಂತ್ಬಿಟ್ಟೆ. ಅಕ್ಕನ ಕೆಲಸಕ್ಕೆ ನಾನೇ ಕಲ್ಲು ಹಾಕ್ದೆ ಅಂದ್ಕೊಂಡೆ."

ಕಾರಿನಿಂದ ಇಳಿದವರಿಗೆ ಇಂಜಿನಿಯರ್ ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಂಪನಿಯ ಹಿರಿಯರು ಬಗ್ಗಿ ನೋಡಿದರು, ಗಡಿಯಾರ ನೋಡಿಕೊಂಡರು. "ಅವಸರ ಇಲ್ಲಮ್ಮ, ಸರಿಯಾಗಿ ಮಾಡಿ," ಎಂದು ಮೋರಿಯ ಕಟ್ಟೆಯ ಮೇಲೆ ಕೂತೇಬಿಟ್ಟರು. ನೀರು ನಿಲ್ಲಿಸಿ, ಜಲ್ಲಿ ತುಂಬಿ, ರೋಲರ್ ಓಡಿಸುವ ತನಕ ಅಲ್ಲಿಂದ ಏಳಲಿಲ್ಲ. ಆಮೇಲೆ ಲಾರಿ ಅದರ ಮೇಲೆ ಹಾದುಹೋಯಿತು.

ಅತ್ತ ಗೋದಾಮಿನಲ್ಲಿ ಅಕ್ಕ ಪೆಟ್ಟಿಗೆ ಬಿಚ್ಚಿ ಬಾಟಲಿ ತಟ್ಟುತ್ತಾ ಹೋದರು. ಸಂಜೆ ತಂಗಿಗೆ ಫೋನ್ ಬಂತು. ಅಕ್ಕ ಒಂದು ಬಾಟಲಿಯನ್ನು ಫೋನಿನ ಹತ್ತಿರ ಹಿಡಿದು ತಟ್ಟಿದರಂತೆ. ಟಿಣ್ ಎಂದಿತಂತೆ. "ಅಲ್ಲೇ ಜಲ್ಲಿ ರಾಶಿ ಮೇಲೆ ಕೂತು ಅತ್ತುಬಿಟ್ಟೆ," ಎನ್ನುತ್ತಾರೆ ಗುಂಡಿಯಮ್ಮ, ಈಗ ನಗುತ್ತಾ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಂಪನಿಯ ಹಿರಿಯರು ಇಂಜಿನಿಯರ್ ಮೇಡಂ ಅವರನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಈ ರಸ್ತೆಗೆ ಮುಂದೆಯೂ ಆ ಬಾವುಟದ ಅಮ್ಮನೇ ಇರ್ತಾರಲ್ಲ?"

ಕಾರ್ಖಾನೆಯ ಚಿಮಣಿಯಲ್ಲಿ ಈಗ ಮತ್ತೆ ಹೊಗೆ. ಅಕ್ಕ ಮನೆಯಿಂದ ನಡೆದೇ ಕೆಲಸಕ್ಕೆ ಹೋಗುತ್ತಾರೆ. ಮಂಡಿ ಪೂರ್ತಿ ವಾಸಿಯಾಗಿಲ್ಲ, ಆದರೆ ಊತ ಇಳಿದಿದೆ. ಸಂಜೆ ಅಕ್ಕ ತಂಗಿ ಇಬ್ಬರೂ ಬಾಗಿಲಲ್ಲಿ ಕೂತು ಬಿಸಿ ಚಹಾ ಕುಡಿಯುತ್ತಾ ಜಗಳವಾಡುತ್ತಾರೆ. "ಇಷ್ಟು ವರ್ಷದ ಜಗಳ ಬಾಕಿ ಇದೆಯಲ್ಲ!" ಎಂದು ಗುಂಡಿಯಮ್ಮನ ಗಂಡ ಒಳಗಿನಿಂದ ಕೂಗುತ್ತಾರೆ.

ನಾವು ಮಾತಾಡುತ್ತಿರುವಾಗಲೇ ಬಾಟಲಿ ತುಂಬಿದ ಲಾರಿಯೊಂದು ಕಾರ್ಖಾನೆಯ ಕಡೆಯಿಂದ ಬರುತ್ತದೆ. ಚಾಲಕ ಏನೋ ಹಾಡು ಗುನುಗುತ್ತಾ, ಪಕ್ಕದಲ್ಲಿ ಸಲಿಕೆ ಹಿಡಿದು ನಿಂತವರ ಕಡೆ ಕಣ್ಣೂ ಹಾಯಿಸದೆ ಮೋರಿ ದಾಟಿ ಹೋಗುತ್ತಾನೆ. ನಿಮ್ಮನ್ನು ಒಬ್ಬರೂ ನೋಡುವುದಿಲ್ಲವಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಅವರು ನನ್ನ ಕಡೆ ತಿರುಗದೆ, ದೂರ ಸಾಗುತ್ತಿರುವ ಲಾರಿಯ ಬೆನ್ನನ್ನೇ ನೋಡುತ್ತಾರೆ.

"ನೋಡಿದ್ರಾ? ದೀಪ ಹೊತ್ಕೊಳ್ಲೇ ಇಲ್ಲ."