ಮೈಕ್ ಮೂರ್ತಿಯವರ ಮಗಳ ಮೂಗು

ಶ್ರೀರಾಂಪುರದಲ್ಲಿ ಮೂರ್ತಿಯವರ ಮನೆ ಎಲ್ಲಿ ಎಂದು ಕೇಳಿದರೆ ಯಾವ ಮೂರ್ತಿ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಮೈಕ್ ಮೂರ್ತಿ ಎಂದರೆ ಬಾಗಿಲವರೆಗೂ ಬಂದು ಬಿಟ್ಟುಹೋಗುತ್ತಾರೆ. ಹಗಲು ಹೊತ್ತು ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು. ಅದು ಹೊಟ್ಟೆಪಾಡಿನ ಮಾತಾಯಿತು. ಅವರ ನಿಜವಾದ ಹುದ್ದೆ ಶುರುವಾಗುವುದು ಸಂಜೆ, ಯಾವುದಾದರೂ ಶಾಮಿಯಾನದ ಕೆಳಗೆ. ಅಂಬೇಡ್ಕರ್ ಜಯಂತಿ, ಬುದ್ಧ ಪೂರ್ಣಿಮೆ, ರಾಜ್ಯೋತ್ಸವ, ನಿವೃತ್ತರಾದವರ ಬೀಳ್ಕೊಡುಗೆ, ಹೀಗೆ ಮೈಕು ಎಲ್ಲಿದೆಯೋ ಅಲ್ಲಿ ಮೂರ್ತಿ. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎನ್ನುವುದನ್ನು ಕೂಡ ಅವರು ನಾಡಗೀತೆಯ ಮೊದಲ ಸಾಲಿನಂತೆ ಎದೆಯುಬ್ಬಿಸಿ ಹೇಳುತ್ತಾರೆ.

ಕಾರ್ಯಕ್ರಮಕ್ಕೆ ಹೊರಟರೆ ಗರಿಗರಿ ಇಸ್ತ್ರಿಯ ಬಿಳಿ ಜುಬ್ಬ, ಹೆಗಲ ಮೇಲೊಂದು ಶಾಲು, ಮಣಿಕಟ್ಟಿಗೂ ಕಿವಿಯ ಹಿಂದಕ್ಕೂ ಅತ್ತರು. ಈ ಅತ್ತರಿನದು ಅವಸರದ ಸ್ವಭಾವ, ಮೂರ್ತಿಯವರಿಗಿಂತ ಮುಂಚೆಯೇ ವೇದಿಕೆ ತಲುಪುತ್ತದೆ. ಗಾಳಿಯಲ್ಲಿ ಘಮ್ಮೆಂದರೆ ಹುಡುಗರು ಕುರ್ಚಿ ಸಾಲು ಸರಿಮಾಡುತ್ತಾರೆ. ಇಡೀ ಬೀದಿಗೆ ಅವರ ಬರುವಿಕೆಯನ್ನು ಮೂಗೇ ತಿಳಿಸುತ್ತಿತ್ತು. ಒಂದೇ ಒಂದು ಮೂಗನ್ನು ಬಿಟ್ಟು. ಅದು ಅವರ ಮನೆಯಲ್ಲೇ ಇತ್ತು, ಮತ್ತು ಅದರ ವಿಷಯ ಅವರಿಗೆ ಗೊತ್ತಾದದ್ದು ಬಹಳ ತಡವಾಗಿ.

ಮಗಳು ಮೋನಿಷಾ ಮೂರನೇ ಕ್ಲಾಸು. ತಮ್ಮ ನಂತರ ಈ ಮೈಕು ಅವಳ ಕೈಗೇ ಹೋಗಬೇಕೆಂದು ಮೂರ್ತಿ ತೀರ್ಮಾನಿಸಿಯಾಗಿತ್ತು. ಅವಳನ್ನು ಕೇಳಿರಲಿಲ್ಲ, ಅಷ್ಟೆ. ಹೋದ ರಾಜ್ಯೋತ್ಸವದಲ್ಲಿ ಸ್ವಾಗತ ಭಾಷಣಕ್ಕೆ ಅವಳನ್ನು ಹತ್ತಿಸಿದರು. ಹುಡುಗಿ ಧೈರ್ಯವಾಗಿಯೇ ನಿಂತು, "ಎಲ್ಲರಿಗೂ ದಬಸ್ಕಾರ" ಎಂದಳು. ಮೂಗು ಎರಡೂ ಕಡೆ ಕಟ್ಟಿತ್ತು. ಜನ ನಕ್ಕರು. ಮೂರ್ತಿ ಮೈಕು ಇಸಕೊಂಡು, "ಮಗುವಿಗೆ ಸ್ವಲ್ಪ ಶೀತ" ಎಂದು ಸಭೆಗೆ ಸಮಜಾಯಿಷಿ ಕೊಟ್ಟರು.

ಸ್ವಲ್ಪ ಶೀತ ಶುರುವಾಗಿ ಆಗಲೇ ಎರಡು ಮಳೆಗಾಲ ಕಳೆದಿತ್ತು. ಹಳದಿ ಸಿಂಬಳ, ಕಣ್ಣಿನ ಕೆಳಗೆ ನೋವು, ಸಂಜೆಯಾದರೆ ಜ್ವರ. ಮಲಗಿದರೆ ಬಾಯಿ ತೆರೆದುಕೊಂಡು ಅಜ್ಜಿ ಅಂಜಮ್ಮನಿಗೆ ಸರಿಸಮನಾಗಿ ಗೊರಕೆ. ಔಷಧಿ ಹಾಕಿದರೆ ಒಂದು ವಾರ ಸುಮಾರಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ. ಅಂಜಮ್ಮ ತಮ್ಮ ಪಾಲಿನದನ್ನು ತಾವು ಮಾಡುತ್ತಲೇ ಇದ್ದರು. ಅರಿಶಿನದ ಕೊಂಬು ಸುಟ್ಟು ಮೂಗಿಗೆ ಹೊಗೆ ಹಿಡಿಯುವುದು, ತಲೆಸ್ನಾನ ಮಾಡಿಸಿದ ದಿನ ಕೆಂಡದ ಮೇಲೆ ಸಾಂಬ್ರಾಣಿ.

ಹಾಗಾದರೆ ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ಕೇಳಬಹುದು. ತೋರಿಸಿದ್ದರು. ತೋರಿಸಿದ್ದೇ ತೊಂದರೆ.

ಮೂರ್ತಿಯವರು ಕಾರ್ಯದರ್ಶಿಯಾಗಿರುವ ಕಲಾ ಬಳಗ ವರ್ಷಕ್ಕೊಮ್ಮೆ ವೈದ್ಯರ ದಿನಾಚರಣೆ ಮಾಡುತ್ತದೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಮೇಲೆ ಮೂರ್ತಿಯವರ ಬಾಯಲ್ಲಿ ಧನ್ವಂತರಿಗೆ ಹೋಲಿಕೆ. ಇಷ್ಟು ವರ್ಷಗಳಲ್ಲಿ ರಾಜಾಜಿನಗರದಿಂದ ಶೇಷಾದ್ರಿಪುರದವರೆಗೆ ಪೇಟ ಏರದ ಡಾಕ್ಟರ್ ತಲೆ ಕಡಿಮೆ. ಹೀಗಾಗಿ ಎಲ್ಲರೂ 'ನಮ್ಮ ಡಾಕ್ಟ್ರು'. ನಮ್ಮ ಡಾಕ್ಟ್ರ ಹತ್ತಿರ ಟೋಕನ್ ತೆಗೆದುಕೊಂಡು ಕಾಯುವುದೆಂದರೆ ಮೂರ್ತಿಯವರ ಪ್ರಕಾರ ಡಾಕ್ಟರಿಗೇ ಅವಮಾನ. ಅವರು ನೇರ ಹೋಗಿ, ಬಾಗಿಲು ಅರ್ಧ ತೆಗೆದು, ತಲೆಯನ್ನಷ್ಟೇ ಒಳಗೆ ಹಾಕಿ "ಸಾರ್, ಮೂರ್ತಿ" ಎನ್ನುತ್ತಿದ್ದರು. ಒಳಗೆ ಇನ್ಯಾರೋ ಅಂಗಿ ಬಿಚ್ಚಿ ಮಲಗಿರುತ್ತಿದ್ದರು. ಹೊರಗೆ ಕಾದವರು ಗೊಣಗುತ್ತಿದ್ದರು. ಆ ಸಂದಿಯಲ್ಲೇ ನಿಂತು ಮೂರ್ತಿ ಮಗಳ ಕಾಯಿಲೆಯನ್ನು ಮುಖ್ಯ ಅತಿಥಿಯನ್ನು ಪರಿಚಯಿಸಿದಂತೆ ನಿರರ್ಗಳವಾಗಿ ಪರಿಚಯಿಸುತ್ತಿದ್ದರು. ಡಾಕ್ಟರು ಇವರನ್ನು ಬೇಗ ಸಾಗಹಾಕಲು ಒಂದು ಆಂಟಿಬಯಾಟಿಕ್ ಬರೆದು ಚೀಟಿ ಕೊಡುತ್ತಿದ್ದರು. ಮೋನಿಷಾ ಬಾಗಿಲ ಹೊರಗೆ ಗೋಡೆಗೆ ಒರಗಿ ಮೂಗು ಉಜ್ಜಿಕೊಳ್ಳುತ್ತಿರುತ್ತಿದ್ದಳು. ಬೀದಿಯ ಮಿಕ್ಕ ಮಕ್ಕಳ ಮೂಗನ್ನು ಟಾರ್ಚು ಬಿಟ್ಟು ನೋಡಿದ ಅದೇ ಡಾಕ್ಟರುಗಳು ಈ ಮೂಗನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ಅದು ಪರಿಚಯದವರ ಮೂಗು.

ಇದರ ಮೇಲೆ ಅವರದೊಂದು ನಿಯಮ. ಒಬ್ಬರನ್ನೇ ಪದೇ ಪದೇ ಕೇಳಬಾರದು, ಸಂಬಂಧ ಸವೆದುಹೋಗುತ್ತದೆ. ಆದ್ದರಿಂದ ಪ್ರತಿ ಸಲ ಬೇರೆ ಡಾಕ್ಟರು. ಹಿಂದಿನವರು ಏನು ಕೊಟ್ಟಿದ್ದರೆಂದು ಮುಂದಿನವರಿಗೆ ಗೊತ್ತಿಲ್ಲ. ಜ್ವರ ಇಳಿದ ಕೂಡಲೇ "ಸಾಕು, ಉಷ್ಣ ಆಗತ್ತೆ" ಎಂದು ಔಷಧಿ ನಿಲ್ಲಿಸಿ, ಮಿಕ್ಕಿದ್ದನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡುತ್ತಿದ್ದರು. ಸರದಿ ಸಾಗುತ್ತಾ ಸಾಗುತ್ತಾ ಕೊನೆಗೆ ಡಾ. ಬದರೀನಾರಾಯಣರವರೆಗೂ ಬಂತು.

"ಮೂರ್ತಿ, ನಂದು ಮೂಳೆ ಕಣಯ್ಯಾ" ಎಂದರು ಅವರು.

"ಮೂಗಲ್ಲೂ ಒಂದು ಮೂಳೆ ಇದೆಯಲ್ಲ ಸಾರ್."

ಪೇಟದ ಋಣ. ಅವರೂ ಒಂದು ಚೀಟಿ ಬರೆದರು. ಬರೆದು, "ಹೀಗೇ ಎಳ್ಕೊಂಡು ಹೋದ್ರೆ ಆಪರೇಷನ್ ಅಂತಾರೆ. ಸರಿಯಾಗಿ ಮೂಗಿನ ಡಾಕ್ಟರಿಗೆ ತೋರ್ಸಪ್ಪ" ಎಂದರು.

ಆಪರೇಷನ್ ಎಂಬ ಮಾತು ಮನೆ ತಲುಪಿದ್ದೂ, ಸ್ಕೂಲಿನಿಂದ ಮೋನಿಷಾಳ ಟೀಚರ್ ಫೋನ್ ಮಾಡಿದ್ದೂ ಒಂದೇ ದಿನ. ಮಗು ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಹೆಸರು ಹಿಡಿದು ಕರೆದರೂ ಕೆಲವು ಸಲ ತಿರುಗುವುದಿಲ್ಲ, ಕಿವಿ ಸರಿಯಾಗಿ ಕೇಳುತ್ತಿದೆಯೇ ನೋಡಿಸಿ ಎಂದು. ಮೂರ್ತಿಯವರ ಹೆಂಡತಿ ಜ್ಯೋತಿಲಕ್ಷ್ಮಿ ಮಲ್ಲೇಶ್ವರದ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಕಡಿಮೆ ಮಾತು. ಮನೆಯಲ್ಲಿ ಮಾತಿನ ಕೋಟಾ ಪೂರ್ತಿ ಒಬ್ಬರೇ ಬಳಸಿಕೊಂಡರೆ ಇನ್ನೊಬ್ಬರಿಗೆ ಎಲ್ಲಿಂದ ಬರಬೇಕು? ಆ ರಾತ್ರಿ ಆಕೆ ಮಗಳ ಗೊರಕೆ ಕೇಳುತ್ತಾ ಕೂತಿದ್ದವರು ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲೇ ಒಂದು ತೀರ್ಮಾನ ಮಾಡಿಬಿಟ್ಟಿದ್ದರು. ಸಂಜೆ ಮನೆಗೆ ಬಂದು ಹೇಳಿದರು.

"ರೀ, ಶನಿವಾರಕ್ಕೆ ಟೋಕನ್ ತಗೊಂಡಿದೀನಿ. ಮೂಗು-ಕಿವಿ ಡಾಕ್ಟ್ರು, ಚೈತನ್ಯಾ ಅಂತ. ಬರೋದಾದ್ರೆ ಬನ್ನಿ. ಬಾಗಿಲು ತೆಗೆದು ತಲೆ ಹಾಕೋದು ಮಾತ್ರ ಬೇಡ."

ಮೂರ್ತಿ ನೆನಪಿನಲ್ಲಿದ್ದ ಶಾಲುಗಳನ್ನೆಲ್ಲ ಕೊಡವಿ ನೋಡಿದರು. "ಚೈತನ್ಯಾ... ಇವರಿಗೆ ನಾವು ಸನ್ಮಾನ ಮಾಡಿಲ್ವಲ್ಲ."

"ಅದಕ್ಕೇ ಅಲ್ಲಿಗೆ ಹೋಗ್ತಿರೋದು."

ಮಲ್ಲೇಶ್ವರದ ಆ ಕ್ರಾಸಿನ ಕ್ಲಿನಿಕ್ಕಿನಲ್ಲಿ ಮೂರ್ತಿ ಬಹುಶಃ ಜೀವನದಲ್ಲಿ ಮೊದಲ ಸಲ ಪ್ರೇಕ್ಷಕರ ಕಡೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಯಾರೂ ಗುರುತು ಹಿಡಿಯಲಿಲ್ಲ. ಪಕ್ಕದ ಹೆಂಗಸೊಬ್ಬರು ಅತ್ತರಿನ ವಾಸನೆಗೆ ಸೆರಗು ಮೂಗಿಗೆ ಹಿಡಿದು ಒಂದು ಕುರ್ಚಿ ಆಚೆ ಸರಿದರು. ಟೋಕನ್ ನಂಬರ್ ಕೂಗುವ ಹುಡುಗಿಗೆ ದನಿಯೇ ಇರಲಿಲ್ಲ. ಅವಳು ಕೂಗಿದ್ದು ಅವಳಿಗಷ್ಟೇ ಕೇಳಿಸುತ್ತಿತ್ತು, ನಂಬರಿನವರು ಎದ್ದು ಬರುತ್ತಿರಲಿಲ್ಲ. ಮೂರ್ತಿ ಬಹಳ ಹೊತ್ತು ತಡೆದುಕೊಂಡರು. ಆಮೇಲೆ ಆಗಲಿಲ್ಲ.

"ಹನ್ನೊಂದನೇ ನಂಬರಿನವರು ದಯಮಾಡಿ ಒಳಗೆ ಆಗಮಿಸಬೇಕಾಗಿ ವಿನಂತಿ!"

ಹನ್ನೊಂದನೇ ನಂಬರಿನ ಮುದುಕರು ಗಾಬರಿಯಿಂದ ಚಪ್ಪಲಿ ಬಿಟ್ಟೇ ಒಳಗೋಡಿದರು. "ರೀ, ಸುಮ್ನಿರಿ" ಎಂದರು ಜ್ಯೋತಿಲಕ್ಷ್ಮಿ.

ಇವರ ಸರದಿ ಬಂತು. ಡಾ. ಚೈತನ್ಯಾ ಇನ್ನೂ ಚಿಕ್ಕ ವಯಸ್ಸಿನವರು. ಮೂರ್ತಿ ಗಂಟಲು ಸರಿಮಾಡಿಕೊಂಡು, "ಮೇಡಂ, ಕಳೆದೆರಡು ಮಳೆಗಾಲಗಳಿಂದಲೂ ನಮ್ಮ ಸುಪುತ್ರಿಯನ್ನು..." ಎಂದು ಪೀಠಿಕೆ ಶುರುಮಾಡುತ್ತಿದ್ದಂತೆ ಆಕೆ ಕೈ ಎತ್ತಿದರು.

"ಸರ್, ಒಂದ್ನಿಮಿಷ. ಮೊದ್ಲು ಅವಳು ಹೇಳ್ಲಿ. ಹೇಳು ಪುಟ್ಟಾ, ಏನಾಗತ್ತೆ?"

ಮೋನಿಷಾ ಅಪ್ಪನ ಮುಖ ನೋಡಿದಳು. ಅವಳ ಕಾಯಿಲೆಯ ಬಗ್ಗೆ ಇದುವರೆಗೆ ಅವಳನ್ನೇ ಯಾರೂ ಕೇಳಿರಲಿಲ್ಲ. "ಬೆಳಿಗ್ಗೆ ಎದ್ದ ತಕ್ಷಣ ಸೀನು. ಒಂದಾದ್ಮೇಲೆ ಒಂದು. ಮೂಗೊಳಗೆ ಕೆರೆಯತ್ತೆ. ಆಮೇಲೆ ಕಟ್ಕೊಳತ್ತೆ."

ಹೇಳುತ್ತಾ ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿಕೊಂಡಳು. ಡಾಕ್ಟರು ಮೂಗಿನ ಮೇಲೆ ಅಡ್ಡಕ್ಕೆ ಬಿದ್ದಿದ್ದ ಸಣ್ಣ ಗೆರೆಯನ್ನು ತೋರಿಸಿದರು. "ಇದು ಯಾವಾಗ್ನಿಂದ ಇದೆ?"

"ಅದು ನಮ್ಮ ವಂಶದ ಗುರುತು ಮೇಡಂ" ಎಂದರು ಮೂರ್ತಿ ಹೆಮ್ಮೆಯಿಂದ. "ನಮ್ಮ ತಂದೆಯವರಿಗೂ ಇತ್ತು."

"ಅವರಿಗೂ ಅಲರ್ಜಿ ಇತ್ತೇನೋ. ಹೀಗೆ ಉಜ್ಜಿ ಉಜ್ಜೀನೇ ಈ ಗೆರೆ ಬೀಳೋದು."

ಹಣೆಯ ದೀಪ ಹಾಕಿಕೊಂಡು ಮೂಗು, ಗಂಟಲು, ಕಿವಿ ಎಲ್ಲ ನೋಡಿದರು. ನೋಡುತ್ತಲೇ, "ಮನೇಲಿ ಯಾವ ವಾಸನೆ ಬಂದ್ರೆ ಸೀನು ಜಾಸ್ತಿ?" ಎಂದು ಕೇಳಿದರು.

"ವಾಸನೆ ಗೊತ್ತಾಗಲ್ಲ."

"ಅಮ್ಮ ಸಾರಿಗೆ ಒಗ್ಗರಣೆ ಹಾಕಿದ್ರೆ?"

"ಚುಂಯ್ ಅಂತ ಕೇಳ್ಸತ್ತೆ."

"ಅಪ್ಪ ಹಾಕಿರೋ ಅತ್ತರು? ಇಲ್ಲಿ ರೂಮ್ ತುಂಬಾ ಇದೆಯಲ್ಲ."

ಮೋನಿಷಾ ಅಪ್ಪನ ಕಡೆ ತಿರುಗಿ ಆಶ್ಚರ್ಯದಿಂದ ನೋಡಿದಳು. "ಹಚ್ಕೊಳೋದು ನೋಡಿದೀನಿ. ಅದು ಔಷಧಿ ಅಂದ್ಕೊಂಡಿದ್ದೆ."

ಮೂರ್ತಿ ಮಣಿಕಟ್ಟನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡರು. ಜ್ಯೋತಿಲಕ್ಷ್ಮಿ ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮೂಲ ಅಲರ್ಜಿ. ಅದರಿಂದ ಒಳಗೆ ಊದಿಕೊಂಡು ದಾರಿ ಮುಚ್ಚುತ್ತದೆ, ಒಳಗೆ ನಿಂತದ್ದು ಕೀವಾಗುತ್ತದೆ. ಇಷ್ಟು ದಿನ ಕೀವಿಗೆ ಅರ್ಧರ್ಧ ಔಷಧಿ ಬಿದ್ದಿದೆ, ಮೂಲವನ್ನು ಯಾರೂ ಮುಟ್ಟಿಲ್ಲ. ಎಲ್ಲ ಮಕ್ಕಳಿಗೂ ಇರುವ ಮೂಗಿನ ಹಿಂದಿನ ಗಡ್ಡೆ ಇವಳಿಗೆ ದಪ್ಪಗಾಗಿದೆ, ಕಿವಿ ಮಂದವಾಗಿರುವುದು ಅದರಿಂದಲೇ. "ಈ ಸಲದ ಮಾತ್ರೆ ಪೂರ್ತಿ ಮುಗಿಸ್ಬೇಕು. ದಿನಾ ಎರಡು ಹೊತ್ತು ಉಪ್ಪುನೀರಲ್ಲಿ ಮೂಗು ತೊಳೀಬೇಕು, ಆಮೇಲೆ ಈ ಸ್ಪ್ರೇ. ಹೊಗೆ, ಧೂಳು, ಗಾಟು ವಾಸನೆ ಯಾವ್ದೂ ಬೇಡ. ಮೂರು ತಿಂಗ್ಳು ಬಿಡದೆ ಮಾಡಿ. ಗಡ್ಡೆ ಇಳಿದ್ರೆ ಸರಿ, ಇಲ್ದಿದ್ರೆ ಆಪರೇಷನ್ ಬಗ್ಗೆ ಮಾತಾಡೋಣ."

ಮನೆಗೆ ಬಂದ ಮೂರ್ತಿ ತಕ್ಷಣ ಅಧಿಕಾರ ವಹಿಸಿಕೊಂಡರು. ಅಗರಬತ್ತಿ ಬಂದ್. ಸಾಂಬ್ರಾಣಿ ಬಂದ್. ಜ್ಯೋತಿಲಕ್ಷ್ಮಿಯವರ ಪೌಡರ್ ಡಬ್ಬಿ ಅಟ್ಟಕ್ಕೆ.

"ಲೇ ಮೂರ್ತಿ, ಬುದ್ಧನ ಫೋಟೋಗೆ ಒಂದು ಕಡ್ಡಿ ಹಚ್ಚಿದ್ರೆ ಏನಾಗತ್ತೋ? ಬುದ್ಧನಿಗೂ ಅಲರ್ಜಿನಾ?" ಎಂದರು ಅಂಜಮ್ಮ.

"ಹೂವು ಇಡಮ್ಮ. ಬುದ್ಧ ಬೇಜಾರು ಮಾಡ್ಕೊಳಲ್ಲ."

"ಮತ್ತೆ ನಿನ್ನ ಅತ್ತರು?"

ಅದು ಬೇರೆ ವಿಷಯವಂತೆ, ವೇದಿಕೆಯ ವಿಷಯ. ಮನೆಯೊಳಗೆ ಹಚ್ಚಿಕೊಳ್ಳುವುದಿಲ್ಲ, ಮೆಟ್ಟಿಲ ಮೇಲೆ ನಿಂತು ಹಚ್ಚಿಕೊಂಡು ಹಾಗೇ ಹೋಗಿಬಿಡುವುದು ಎಂದು ಮೂರ್ತಿ ತಮಗೆ ತಾವೇ ಒಂದು ವಿನಾಯಿತಿ ಮಂಜೂರು ಮಾಡಿಕೊಂಡರು. ಹೋಗಿಬಿಟ್ಟವರು ರಾತ್ರಿ ವಾಪಸ್ಸು ಮನೆಗೇ ಬರುತ್ತಾರೆ ಎಂಬುದನ್ನು ಮಂಜೂರಾತಿಯಲ್ಲಿ ಗಮನಿಸಿರಲಿಲ್ಲ.

ಮೂಗು ತೊಳೆಯುವುದು ಮೊದಲ ದಿನ ರಣರಂಗವಾಯಿತು. ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ, ಮೆತ್ತನೆಯ ಬಾಟಲಿಗೆ ತುಂಬಿ ಜ್ಯೋತಿಲಕ್ಷ್ಮಿ ಕರೆದರೆ ಮೋನಿಷಾ ಮಂಚದ ಕೆಳಗೆ. ಅಂಜಮ್ಮ ಬೆಲ್ಲ ತೋರಿಸಿದರು, ಬರಲಿಲ್ಲ. ಜ್ಯೋತಿಲಕ್ಷ್ಮಿ ಗದರಿದರು, ಬರಲಿಲ್ಲ. ಕೊನೆಗೆ ಮೂರ್ತಿ ಲೋಟವೊಂದನ್ನು ಮೈಕಿನಂತೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತರು.

"ಆತ್ಮೀಯ ಬಂಧುಗಳೇ! ಇನ್ನು ಕೆಲವೇ ಕ್ಷಣಗಳಲ್ಲಿ ಕುಮಾರಿ ಮೋನಿಷಾ ಅವರು ತಮ್ಮ ಬಲ ಹೊಳ್ಳೆಯನ್ನು ಲೋಕಾರ್ಪಣೆ ಮಾಡಲಿದ್ದಾರೆ. ಎಡ ಹೊಳ್ಳೆಯವರು ಅಧ್ಯಕ್ಷತೆ ವಹಿಸಲಿದ್ದಾರೆ. ಎಲ್ಲರೂ ಜೋರಾದ ಚಪ್ಪಾಳೆ..."

ಮಂಚದ ಕೆಳಗಿಂದ ನಗು ಕೇಳಿಸಿತು. ಆಮೇಲೆ ಒಂದು ಕಾಲು ಬಂತು.

ಅಲ್ಲಿಂದ ಮುಂದೆ ಬೆಳಿಗ್ಗೆ ಸಂಜೆ ಇದೇ ಕಾರ್ಯಕ್ರಮ. ಮೂರ್ತಿ ಅದೆಷ್ಟು ಜನರಿಗೆ ಸ್ವಾಗತ ಕೋರಿದ್ದರೋ, ಇಷ್ಟು ಶ್ರದ್ಧೆಯಿಂದ ಯಾರಿಗೂ ಕೋರಿರಲಿಲ್ಲ. ಸ್ಪ್ರೇಯನ್ನು ಮೂಗಿನ ನಡುಗೋಡೆಗಲ್ಲ, ಕಿವಿಯ ಕಡೆಗೆ ಓರೆಯಾಗಿ ಹಿಡಿಯಬೇಕೆಂದು ಡಾಕ್ಟರು ತೋರಿಸಿಕೊಟ್ಟಿದ್ದರು. ಅದನ್ನು ಮೂರ್ತಿ ಆಫೀಸಿನಲ್ಲಿ ಪೆನ್ನು ಹಿಡಿದು ಅಭ್ಯಾಸ ಮಾಡಿದರು. ಎರಡು ಸಭೆಗಳಿಗೆ ತಡವಾಗಿ ಹೋದರು. ಒಂದಕ್ಕೆ ಹೋಗಲೇ ಇಲ್ಲ. ಆ ಕಾರ್ಯಕ್ರಮ ಅವರಿಲ್ಲದೆಯೂ ನಡೆಯಿತು ಎಂದು ತಿಳಿದು ಅವರಿಗೆ ಸ್ವಲ್ಪ ನೋವಾಯಿತು.

ನಡುವೆ ಒಮ್ಮೆ ಮತ್ತೆ ಶೀತವಾಯಿತು. ಎಲ್ಲರ ಮುಖ ಬಾಡಿತು. ಆದರೆ ಜ್ವರ ಬರಲಿಲ್ಲ, ಹಳದಿಗೆ ತಿರುಗಲಿಲ್ಲ, ನಾಲ್ಕಾರು ದಿನಕ್ಕೆ ತಾನಾಗಿಯೇ ಹೋಯಿತು. ಒಂದು ರಾತ್ರಿ ಮನೆಯಲ್ಲಿ ಅಂಜಮ್ಮನ ಗೊರಕೆ ಮಾತ್ರ ಕೇಳಿಸಿತು.

ಅಂಬೇಡ್ಕರ್ ಜಯಂತಿಗೆ ಇನ್ನು ಒಂದು ವಾರವಿತ್ತು. ಪೂರ್ವಭಾವಿ ಸಭೆಗೆಂದು ಮೂರ್ತಿ ಮೆಟ್ಟಿಲ ಮೇಲೆ ಅತ್ತರು ಹಚ್ಚಿಕೊಂಡು, ಮರೆತ ಕನ್ನಡಕಕ್ಕೆ ಒಳಗೆ ಬಂದರು. ಹೋಂವರ್ಕ್ ಬರೆಯುತ್ತಿದ್ದ ಮೋನಿಷಾ ತಲೆ ಎತ್ತಿದಳು.

"ಅಪ್ಪಾ, ಏನದು?"

"ಏನು?"

"ಏನೋ ಗಾಟು. ನಿಮ್ಮ ಹತ್ರದಿಂದಾನೇ ಬರ್ತಿದೆ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಮೂರ್ತಿ ಓಡಿಬಂದು ಮಂಡಿಯೂರಿ ಮಗಳ ಮೂಗಿನ ಮುಂದೆ ಮಣಿಕಟ್ಟು ಹಿಡಿದರು. "ಬಂತಾ? ನಿಜವಾಗ್ಲೂ ಬಂತಾ ಕಂದಾ?"

ಮೋನಿಷಾ ಮೂಸಿದಳು. ಮುಖ ಸಿಂಡರಿಸಿದಳು. "ಛೀ! ಇದನ್ನ ಹಚ್ಕೊಂಡು ಎಲ್ಲರ ಮುಂದೆ ಹೋಗ್ತೀರಾ?"

ಎಷ್ಟೋ ಸಭೆಗಳಲ್ಲಿ ಎಷ್ಟೋ ಹೊಗಳಿಕೆ ಕೇಳಿದ ಮೂರ್ತಿಯವರಿಗೆ ಯಾವುದೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ. ಸಂತೋಷಪಡುತ್ತಿರುವಾಗಲೇ ಅವಳು ಸೀನಿದಳು. ಒಂದು, ಎರಡು, ಮೂರು. ಮೂರ್ತಿ ಎದ್ದು ಬಚ್ಚಲಿಗೆ ಹೋಗಿ ಮಣಿಕಟ್ಟು, ಕಿವಿ, ಕತ್ತು ಎಲ್ಲವನ್ನೂ ಬಟ್ಟೆ ಸೋಪಿನಲ್ಲಿ ತಿಕ್ಕಿದರು. ಅತ್ತರಿನ ಬಾಟಲಿ ಮಾರನೆಯ ದಿನ ಡಾ. ಬದರೀನಾರಾಯಣರಿಗೆ ಕಾಣಿಕೆಯಾಗಿ ಹೋಯಿತು. ಆ ಸಂಜೆಯ ಸಭೆಯಲ್ಲಿ ಹುಡುಗರು ಮೂರ್ತಿ ಬಂದದ್ದೇ ತಿಳಿಯದೆ ಕುರ್ಚಿಯಲ್ಲಿ ಕಾಲುಚಾಚಿ ಕೂತಿದ್ದರಂತೆ.

ಆ ಶನಿವಾರ ಮತ್ತೆ ಕ್ಲಿನಿಕ್. ಈ ಸಲ ಟೋಕನ್ ಹುಡುಗಿ ತಾನಾಗಿಯೇ ಮೂರ್ತಿಯವರ ಕಡೆ ನೋಡಿ, "ಸರ್, ಹದಿನಾಲ್ಕು" ಎಂದಳು. ಮೂರ್ತಿ ಹೆಂಡತಿಯ ಮುಖ ನೋಡಿದರು. ಆಕೆ ಬೇರೆ ಕಡೆ ತಿರುಗಿದ್ದನ್ನು ಅನುಮತಿಯೆಂದು ಭಾವಿಸಿ ಹದಿನಾಲ್ಕನೇ ನಂಬರಿನವರನ್ನು ಆದರದಿಂದ ಬರಮಾಡಿಕೊಂಡರು. ಆಮೇಲೆ ಬಂದವರನ್ನೆಲ್ಲ ಅವರೇ ಒಳಗೆ ಕಳಿಸಿಕೊಟ್ಟು ತಮ್ಮ ಸರದಿಗೆ ಕಾದರು.

ಒಳಗೆ ಮೋನಿಷಾ ತಾನೇ ಹೇಳಿದಳು. ಸೀನು ಕಡಿಮೆ, ನಿದ್ದೆ ಬರುತ್ತದೆ, ಒಗ್ಗರಣೆಯಲ್ಲಿ ಇಂಗು ಗೊತ್ತಾಗುತ್ತದೆ, ಅಜ್ಜಿಯ ನಶ್ಯ ಕೂಡ. ಡಾಕ್ಟರು ಕಿವಿ ಪರೀಕ್ಷೆ ಮಾಡಿಸಿದರು, ಸಣ್ಣ ಕ್ಯಾಮೆರಾದಲ್ಲಿ ಮೂಗಿನ ಹಿಂದೆ ನೋಡಿದರು. ಅಷ್ಟು ಹೊತ್ತೂ ಮೂರ್ತಿ ಕೈಕಟ್ಟಿ ನಿಂತಿದ್ದರು.

"ಗಡ್ಡೆ ಚೆನ್ನಾಗಿ ಇಳಿದಿದೆ. ಕಿವೀನೂ ಪರ್ವಾಗಿಲ್ಲ. ಆಪರೇಷನ್ ಈಗ ಬೇಡ" ಎಂದರು ಡಾಕ್ಟರು. "ಅಲರ್ಜಿ ಹೋಗಿಬಿಡ್ತು ಅಂದ್ಕೋಬೇಡಿ. ಸ್ಪ್ರೇ, ತೊಳೆಯೋದು ಮುಂದುವರೀಲಿ. ಮಳೆ ಶುರುವಾಗೋ ಮುಂಚೆ ಒಂದ್ಸಲ ಕರ್ಕೊಂಡ್ಬನ್ನಿ. ನೀವೇನಾದ್ರೂ ಹೇಳೋದಿದೆಯಾ ಸರ್?"

ಮೂರ್ತಿ ಗಂಟಲು ಸರಿಮಾಡಿಕೊಂಡರು. ಜ್ಯೋತಿಲಕ್ಷ್ಮಿ ಕಣ್ಣು ಮುಚ್ಚಿಕೊಂಡರು.

"ಇಲ್ಲ ಮೇಡಂ. ಅವಳು ಹೇಳಿದಾಳಲ್ಲ."

ಹೊರಗೆ ಸಂಪಿಗೆ ರಸ್ತೆಯವರೆಗೂ ಮೂವರೂ ನಡೆದೇ ಹೋದರು. ಮೋನಿಷಾ ಮುಂದೆ ಮುಂದೆ ಹೋಗುತ್ತಾ, ಬೋಂಡ ಕರಿಯುತ್ತಿದ್ದ ಗಾಡಿಯ ಹತ್ತಿರ ಬೇಕೆಂದೇ ನಿಧಾನ ಮಾಡಿದಳು. ಮೂರ್ತಿಗೆ ಅಲ್ಲಿಯವರೆಗೆ ಮಾತು ತಡೆದುಕೊಂಡದ್ದೇ ದೊಡ್ಡದು.

"ಏನೇ, ಈ ಸಲ ವೈದ್ಯರ ದಿನಾಚರಣೆಗೆ ಚೈತನ್ಯಾ ಮೇಡಂಗೇ ಶಾಲು, ಪೇಟ. ನಾನೇ ಪರಿಚಯ ಭಾಷಣ ಮಾಡ್ತೀನಿ. ಹೇಗಿರತ್ತೆ?"

"ಏನೂ ಬೇಡ" ಎಂದರು ಜ್ಯೋತಿಲಕ್ಷ್ಮಿ. "ಶಾಲು ಹೊದಿಸಿದ್ರೆ ಮುಂದಿನ್ಸಲ ನೀವು ಟೋಕನ್ ತಗೊಳಲ್ಲ."